ವಿನೋದಾಳ ಹತ್ತು ನಿಮಿಷ

ನಾಲ್ಕು ಗಂಟೆಗೆ ಅಂದರೆ ನಾಲ್ಕಕ್ಕೇ ಬಂದು ಕೂರುವ ಕೆಟ್ಟ ಚಟ ವಿನೋದಾಳಿಗೆ ಮೊದಲಿನಿಂದಲೂ ಇತ್ತು. ನಾಟಕದವರ ಜೊತೆ ಇಪ್ಪತ್ತೆರಡು ವರ್ಷ ಕಳೆದರೂ ಅದು ಬಿಟ್ಟುಹೋಗಿರಲಿಲ್ಲ. ಹೀಗಾಗಿ ಶಿರಸಿಯ ಆ ಸಭಾಭವನದಲ್ಲಿ ಖಾಲಿ ಕುರ್ಚಿಗಳ ನಡುವೆ, ಇಸ್ತ್ರಿ ಮಾಡಿದ ಸೀರೆ ಮುದುಡದಂತೆ ನೆಟ್ಟಗೆ ಕೂತು, ಮೈಕಿನವನು ‘ಹಲೋ ಹಲೋ’ ಅನ್ನುವುದನ್ನು ಮುಕ್ಕಾಲು ಗಂಟೆ ಕೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಜನ ಬಂದರು, ಬಂದವರು ಮೊದಲು ಚಹಾ ಎಲ್ಲಿ ಎಂದು ಕೇಳಿದರು.

ಮಂಚಿಕೇರಿಯ ಬೇಡ್ತಿ ಬಳಗಕ್ಕೆ ಇಪ್ಪತ್ತೈದು ತುಂಬಿದ ವರ್ಷ ಅದು, ಎರಡು ಸಾವಿರದ ಮೂರು. ಹಳೆಯ ನಟನಟಿಯರನ್ನು ವೇದಿಕೆಯ ಮೇಲೆ ಕೂರಿಸಿ ಅವರವರ ರಂಗಾನುಭವ ಹೇಳಿಸುವ ಕಾರ್ಯಕ್ರಮ. ಆಮಂತ್ರಣ ಪತ್ರಿಕೆಯಲ್ಲಿ ಆರು ಹೆಸರು, ಐದನೆಯದು ವಿನೋದಾ ಹೆಗಡೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಅವಳು ಎಂಟು ದಿನ ಅಡುಗೆಮನೆಯ ಗಡಿಯಾರ ನೋಡಿಕೊಂಡು ಮಾತಾಡಿ ಮಾತಾಡಿ, ಒಂಬತ್ತೂವರೆ ನಿಮಿಷಕ್ಕೆ ಸರಿಯಾಗಿ ಮುಗಿಯುವ ಹಾಗೆ ಮಾಡಿಕೊಂಡಿದ್ದಳು. ಹೇಳಬೇಕಾದದ್ದು ನಿಜಕ್ಕೂ ಒಂದೇ ಸಂಗತಿ. ಉಳಿದ ಎಂಟು ನಿಮಿಷ ಅದಕ್ಕೆ ದಾರಿ ಮಾಡಿಕೊಡುವುದಕ್ಕೆ.

ಆ ಸಂಗತಿ ತಿಳಿಯಬೇಕಾದರೆ ಅವಳು ಬಳಗದಲ್ಲಿ ಏನು ಮಾಡುತ್ತಿದ್ದಳೆಂಬುದು ತಿಳಿಯಬೇಕು. ತಾಲೀಮು ನಡೆಯುತ್ತಿದ್ದದ್ದು ಸೊಸೈಟಿಯ ಹಳೇ ಗೋದಾಮಿನಲ್ಲಿ. ನಟರೆಲ್ಲ ಮೊದಲು ತೋಟದವರು, ಮಾಸ್ತರರು, ಅಂಗಡಿಯವರು. ನಟರಾಗುವುದು ಸಂಜೆ ಆರರ ಮೇಲೆ, ಅದೂ ಪುರುಸೊತ್ತಿದ್ದರೆ. ಅಡಿಕೆಗೆ ಮದ್ದು ಹೊಡೆಯುವ ದಿನ ರಾಜ ಬರುತ್ತಿರಲಿಲ್ಲ. ಅಡಿಕೆಗೊನೆ ಕೊಯ್ಯುವ ದಿನ ಸೇನಾಪತಿ ಬರುತ್ತಿರಲಿಲ್ಲ. ಯಾರದಾದರೂ ಮನೆಯಲ್ಲಿ ತಿಥಿಯೂಟವಿದ್ದರೆ ಇಡೀ ಆಸ್ಥಾನವೇ ನಾಪತ್ತೆ. ಬಾರದವನ ಮಾತನ್ನು ಯಾರಾದರೂ ಓದಬೇಕಲ್ಲ? ‘ವಿನೋದಾ ಇದ್ದಲಿ’ ಎಂದು ಯಾರೋ ಒಬ್ಬರು ಹೇಳಿದರು. ಅಂದಿನಿಂದ ಅದೇ ಬಳಗದ ಪದ್ಧತಿಯಾಯಿತು. ರಾಜನ ಬದಲು ವಿನೋದಾ, ಕಳ್ಳನ ಬದಲು ವಿನೋದಾ, ಒಂದು ಮಕ್ಕಳ ನಾಟಕದಲ್ಲಿ ಕುದುರೆಯ ಹಿಂಗಾಲಿನ ಬದಲೂ ವಿನೋದಾ. ಸುಮ್ಮನೆ ಓದಿಬಿಟ್ಟಿದ್ದರೆ ಬಚಾವಾಗುತ್ತಿದ್ದಳೇನೋ. ಎದುರಿನವರ ಅಭ್ಯಾಸ ಕೆಡಬಾರದೆಂದು ಬಾರದವನ ದನಿ, ಕೆಮ್ಮು, ನಿಲ್ಲುವ ಭಂಗಿ ಎಲ್ಲವನ್ನೂ ತಂದುಕೊಂಡೇ ಓದುತ್ತಿದ್ದಳು. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಶಿಕ್ಷೆಯೂ ಒಳ್ಳೆಯದೇ ಸಿಕ್ಕಿತು. ‘ನಿನ್ನ ಒಂದು ಪಾತ್ರಕ್ಕೆ ಕಟ್ಟಿಹಾಕಿರೆ ಉಳಿದವಕ್ಕೆಲ್ಲ ಯಾರು?’ ಎಂದು ನಿರ್ದೇಶಕ ಕಮಲಾಕರ ಪ್ರತಿ ನಾಟಕಕ್ಕೂ ಕೇಳುತ್ತಿದ್ದ. ಪ್ರದರ್ಶನದ ದಿನ ಅವಳಿಗೆ ಬಾವಿಕಟ್ಟೆಯ ಮೂರನೇ ಹೆಂಗಸಿನ ಪಾತ್ರ.

ಕಮಲಾಕರ ಅವಳ ಸೋದರಮಾವನ ಮಗ, ಭಾವ. ತೊಂಬತ್ತೊಂದರಲ್ಲಿ ಅವನು ‘ಬೆಟ್ಟದ ಗಡಿ’ ಎಂಬ ನಾಟಕ ಬರೆದು ಆಡಿಸಿದ. ತೋಟಕ್ಕೆ ಸೊಪ್ಪು ತರುವ ಬೆಟ್ಟದ ಗಡಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವ ಕತೆ. ಕೊನೆಗೆ ತಾಯಿ ಒಂದೂವರೆ ಪುಟ ಬುದ್ಧಿವಾದ ಹೇಳಬೇಕಿತ್ತು. ತಾಯಿಯ ಪಾತ್ರದ ಮೇಧಾ ಟೀಚರು ಅವತ್ತು ಯಲ್ಲಾಪುರದಿಂದ ಬಂದಿರಲಿಲ್ಲ. ಬದಲಿಗೆ ನಿಂತ ವಿನೋದಾ ಆ ಒಂದೂವರೆ ಪುಟ ಓದಿ ಓದಿ ಬೇಸತ್ತು, ಪುಸ್ತಕ ಮಡಚಿಟ್ಟು, ನೆಲದ ಮೇಲೆ ಎರಡು ಬಾಳೆಲೆ ಹಾಕಿದವಳ ಹಾಗೆ ಮಾಡಿದಳು. ಬಡಿಸಿದಳು. ಅಣ್ಣ ಬಂದು ಕೂತ, ತಮ್ಮ ಬೆನ್ನು ತಿರುಗಿಸಿ ಹೋದ. ತಾಯಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ತಮ್ಮನ ಎಲೆಯ ಮುಂದೆ ತಾನೇ ಕೂತು ಉಣ್ಣತೊಡಗಿದಳು. ಒಂದು ಮಾತೂ ಇಲ್ಲ.

ಆ ದೃಶ್ಯವೇ ಧಾರವಾಡದ ಸ್ಪರ್ಧೆಯಲ್ಲಿ ಬಹುಮಾನ ತಂದಿತು. ಆ ದೃಶ್ಯದಿಂದಲೇ ಕಮಲಾಕರನಿಗೆ ಹೆಸರು, ಹಾರ, ಶಾಲು, ಪೇಪರಿನಲ್ಲಿ ಫೋಟೋ. ಎಲ್ಲಿ ಹೋದರೂ ಅವನು ಹೇಳುವ ಮಾತು ಒಂದೇ: ‘ತಾಯಿಯ ಮೌನ ನನಗೆ ಹೊಳೆದದ್ದು ಒಂದು ಬೆಳಗಿನ ಜಾವ.’ ಮೊದಲ ಸಲ ಕೇಳಿದಾಗ ವಿನೋದಾ ಭಾವ ಮರೆತಿರಬೇಕು ಅಂದುಕೊಂಡಳು. ಎರಡನೇ ಸಲ ಸಿಟ್ಟು ಬಂತು. ಆಮೇಲೆ ಲೆಕ್ಕ ಇಡುವುದನ್ನು ಬಿಟ್ಟಳು. ಆ ತಾಯಿಯ ಪಾತ್ರವನ್ನು ಒಂದು ಸಲವಾದರೂ ಆಡುವ ಯೋಗ ಸಿದ್ದಾಪುರದಲ್ಲಿ ಬರುವುದಿತ್ತು. ಮೇಧಾ ಟೀಚರಿಗೆ ಬಸ್ಸು ತಪ್ಪಿತ್ತು, ವಿನೋದಾಳ ಮುಖಕ್ಕೆ ಬಣ್ಣ ಹಚ್ಚಿ ತಲೆಗೆ ಬಿಳಿ ಬಳಿದಾಗಿತ್ತು. ಪರದೆ ಏಳಲು ಐದು ನಿಮಿಷ ಇರುವಾಗ ಟೀಚರು ಯಾರದೋ ಜೀಪು ಹತ್ತಿ ಬಂದಿಳಿದರು. ಎಲ್ಲರೂ ‘ಅಬ್ಬ, ಬಚಾವಾತು’ ಅಂದರು, ಇವಳೂ ಅಂದಳು. ಆ ಬಿಳಿ ತೊಳೆಯಲು ಎರಡು ದಿನ ಬೇಕಾಯಿತು.

ಇಷ್ಟನ್ನು ಈ ಹೊತ್ತು ಜನರೆದುರು ತಾನೇ ಹೇಳಬೇಕು. ಜಗಳಕ್ಕಲ್ಲ. ಆ ದೃಶ್ಯ ತನ್ನದು ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಸಾಕು.

ಕಾರ್ಯಕ್ರಮ ಐದೂಕಾಲಿಗೆ ಶುರುವಾಯಿತು. ಪ್ರಾರ್ಥನೆ ಹೇಳಿದ ಹುಡುಗಿಯರು ಐದು ಚರಣದ ಹಾಡು ತೆಗೆದರು. ಸ್ವಾಗತ ಭಾಷಣ ಮಾಡಿದವರು ಮುಂದಿನ ಸಾಲಿನ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಸ್ವಾಗತ ಕೋರಿದರು, ಕೊನೆಯಲ್ಲಿ ಒಬ್ಬರನ್ನು ಬಿಟ್ಟೆನೆಂದು ವಾಪಸು ಬಂದರು. ಮುಖ್ಯ ಅತಿಥಿ ತಮಗೆ ನಾಟಕದ ಗಂಧಗಾಳಿ ಇಲ್ಲವೆಂದು ಹೇಳಿ ಐವತ್ತು ನಿಮಿಷ ನಾಟಕದ ಬಗ್ಗೆಯೇ ಮಾತಾಡಿದರು. ನಿರೂಪಣೆ ಮಾಡುತ್ತಿದ್ದ ಪ್ರಮೋದ ವೇದಿಕೆಯ ಮೇಲೆ ಬಗ್ಗಿ ಓಡಾಡುತ್ತ ‘ಹತ್ತಲ್ಲ, ಏಳು ನಿಮಿಷ’ ಎಂದು ಎಲ್ಲರ ಕಿವಿಯಲ್ಲಿ ಹೇಳಿ ಹೋದ. ಮೂವರ ಮಾತು ಮುಗಿಯುವಷ್ಟರಲ್ಲಿ ಏಳು ಐದಾಯಿತು. ವಿನೋದಾ ಮನಸ್ಸಿನಲ್ಲೇ ತನ್ನ ಬಾಲ್ಯವನ್ನು ಕತ್ತರಿಸಿದಳು, ಗೋದಾಮನ್ನು ಕತ್ತರಿಸಿದಳು, ಗಂಡನಿಗೆ ಹೇಳಬೇಕಾದ ಕೃತಜ್ಞತೆಯನ್ನೂ ಕತ್ತರಿಸಿದಳು.

ಅಷ್ಟರಲ್ಲಿ ಪ್ರಮೋದ ಅವಳ ಕುರ್ಚಿಯ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ಇಸಳೂರಿನವ, ಒಳ್ಳೆಯ ಹುಡುಗನೇ. ಆದರೆ ಅವನು ಹಾಗೆ ಕೂತು ನಗುವುದೆಂದರೆ ಏನೋ ತಂದಿದ್ದಾನೆಂದೇ ಅರ್ಥ.

“ವಿನೋದಕ್ಕ, ಒಂದು ಸಣ್ಣ ಉಪಕಾರ ಆಗ್ಬೇಕಿತ್ತು. ಅಂದಾನಪ್ಪ ಮಾಸ್ತರು ಬರ್ಲಿಲ್ಲ. ಮಂಡಿ ನೋವಂತೆ. ತಮ್ಮ ಮಾತು ಬರ್ದು ಕಳ್ಸಿದ್ದಾರೆ. ನೀವೇ ಓದ್ಬಿಟ್ರೆ...”

“ನಾನಾ?”

“ನೀವಲ್ದೆ ಇನ್ಯಾರು ಅಕ್ಕ? ಅವ್ರ ಮಾತು ಅವ್ರ ಹಾಗೇ ಓದೋಕೆ ನಿಮ್ಗೇ ಬರೋದು.”

“ಮತ್ತೆ ನನ್ನ ಮಾತು?”

ಪ್ರಮೋದ ಗಡಿಯಾರ ನೋಡಿದ. “ಅದ್ರಲ್ಲೇ ಕೊನೆಗೆ ಒಂದೆರಡು ಸಾಲು ಸೇರ್ಸ್ಕೊಂಡ್ಬಿಡಿ. ಟೈಮ್ ಇಲ್ಲ ನೋಡಿ.”

ವಿನೋದಾಳಿಗೆ ಬಂದ ಸಿಟ್ಟಿಗೆ ಮೈಕಿನ ಕಂಬ ಕಿತ್ತು ಅವನ ತಲೆಗೆ ಬಡಿಯಬೇಕು ಅನ್ನಿಸಿತು. ತಾಲೀಮಿಗೆ ಬದಲಿ ಸರಿ. ಮನುಷ್ಯರು ತಮ್ಮ ಬದುಕಿನ ಬಗ್ಗೆ ಹೇಳಿಕೊಳ್ಳುವುದಕ್ಕೂ ಬದಲಿಯೇ? ಹಾಗೆಂದು ಅವಳು ಕೇಳಲಿಲ್ಲ. ಕೈ ತನ್ನಷ್ಟಕ್ಕೆ ಮುಂದೆ ಚಾಚಿ ಹಾಳೆಗಳನ್ನು ತೆಗೆದುಕೊಂಡಿತು. ಇಪ್ಪತ್ತೆರಡು ವರ್ಷದ ರೂಢಿ, ಹಾಳಾದದ್ದು.

ಅಂದಾನಪ್ಪ ಮಾಸ್ತರರು ಹಾನಗಲ್ ಕಡೆಯವರು. ಮಂಚಿಕೇರಿಯ ಶಾಲೆಗೆ ಬಂದವರು ಬಳಗದ ಖಾಯಂ ಖಳನಾಯಕರಾಗಿ ನಿವೃತ್ತರಾಗಿದ್ದರು. ವಿನೋದಾ ಮೈಕಿನ ಮುಂದೆ ನಿಂತಳು. ಹೊಟ್ಟೆ ಮುಂದೆ ಮಾಡಿ, ಒಂದು ಕೈ ಬೆನ್ನ ಹಿಂದೆ ಇಟ್ಟು, “ಎಲ್ಲಾರಿಗೂ ನಮಸ್ಕಾರ್ರೀ” ಅಂದದ್ದೇ ತಡ, ಸಭೆ ಹೋ ಎಂದು ನಕ್ಕಿತು. ಮಾಸ್ತರರೇ ಬಂದು ನಿಂತ ಹಾಗಿತ್ತು. “ನಾ ಕೆಟ್ಟಾವ ಅಲ್ರಿ, ಕಮಲಾಕರ ನನ್ನ ಕೆಡಿಸ್ಯಾನ” ಎಂಬಲ್ಲಿ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಇವಳಿಗೂ ಖುಷಿ ಹತ್ತಿತು, ಸುಳ್ಳೇಕೆ. ಹಾಳೆ ಮಗುಚಿದಳು. ಮೂರನೇ ಪುಟದಲ್ಲಿ ಮಾಸ್ತರರ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಬೆಟ್ಟದ ಗಡಿಯ ಕೊನೆಯ ದೃಶ್ಯ ಕಮಲಾಕರಗ ಬೆಳಗಿನ ಜಾವ ಹೊಳೀತಂತ. ಅಂಥಾ ತಲಿ ಎಲ್ಲಾರಿಗೂ ಇರೂದಿಲ್ರಿ.’

ಅವಳು ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟಳು. ಆಮೇಲೆ ಮಾಸ್ತರರ ದನಿಯಲ್ಲೇ, ಒಂದಿಷ್ಟೂ ತಡವರಿಸದೆ, “ಬೆಟ್ಟದ ಗಡಿಯ ಕೊನೆಯ ದೃಶ್ಯ ನಮ್ಮ ವಿನೋದಾಬಾಯಾರು ಕಟ್ಟಿದ್ದರಿ. ಅವತ್ತ ನಾ ಅಲ್ಲೇ ಇದ್ದೆ” ಎಂದು ಓದಿದಳು.

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅಂತೂ ಆಯಿತು. ಹಾಳೆ ಮಡಚಿ ಬಂದು ಕೂರುವಾಗ ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ ಹೇಳುವುದು ಕೇಳಿಸಿತು: “ಅಂದಾನಪ್ಪ ಮಾಸ್ತರದ್ದು ದೊಡ್ಡ ಮನಸ್ಸು ನೋಡಿ. ಸಣ್ಣ ಕಲಾವಿದರನ್ನೂ ಮೇಲೆತ್ತಿ ಮಾತಾಡ್ತಾರೆ.”

ಅವಳು ಕೂತಳು. ಕೂತದ್ದಲ್ಲ, ಕುಸಿದಳು ಅನ್ನಬೇಕು. ತನ್ನ ಕೈಯಾರೆ ತನ್ನದನ್ನು ಮಾಸ್ತರರಿಗೆ ದಾನ ಮಾಡಿ ಬಂದಂತಾಗಿತ್ತು.

ಪಕ್ಕದ ಕುರ್ಚಿಯಿಂದ ಕಮಲಾಕರ ಬಗ್ಗಿದ. “ವಿನೋದಾ, ಅದರಲ್ಲಿ ಹಂಗೆ ಬರೆದಿತ್ತಿಲ್ಲೆ. ಕಾಗದ ಎನ್ನ ಮನೆಗೇ ಬಂದಿತ್ತು, ಆನು ಓದಿದ್ದೆ.”

“ಗೊತ್ತಿದ್ದು. ಆನು ಹೇಳಿದ್ದು ಸುಳ್ಳನ?”

ಕಮಲಾಕರ ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ. “ಸುಳ್ಳು ಅಂತ ಆನು ಹೇಳಿದ್ನಿಲ್ಲೆ.”

ಅಂದರೆ ಮರೆತಿಲ್ಲ. ಹನ್ನೆರಡು ವರ್ಷ ಅವನಿಗೆ ಎಲ್ಲವೂ ನೆನಪಿತ್ತು. ವಿನೋದಾಳಿಗೆ ಕಿವಿ ಬಿಸಿಯಾಯಿತು. “ಹಂಗಾರೆ ಇನ್ನು ನಿಂದೇ ಮಾತಲ್ದಾ? ಎದ್ದು ನೀನೇ ಹೇಳು.”

“ಇಷ್ಟು ಜನರ ಎದುರಿಗಾ? ಸುಮ್ನಿರು ಮಾರಾಯ್ತಿ. ಮುಂದೆ ಸ್ಮರಣ ಸಂಚಿಕೆಲಿ ಎಲ್ಲಾದ್ರೂ ಒಂದು ಕಡೆ ಸೇರ್ಸನ.”

ಮುಂದೆ. ಎಲ್ಲಾದರೂ. ಒಂದು ಕಡೆ. ಅಷ್ಟು ಹೊತ್ತಿಗೆ ಪ್ರಮೋದ ಮೈಕಿನಲ್ಲಿ, “ಈಗ ಕೊನೆಯದಾಗಿ, ನಾವೆಲ್ಲ ಕಾಯುತ್ತಿರುವ, ಬಳಗದ ಉಸಿರಾದ ಶ್ರೀ ಕಮಲಾಕರ ಅವರ ಮಾತು” ಎಂದು ಕೂಗಿದ. ಕಮಲಾಕರ ಶಾಲು ಸರಿಮಾಡಿಕೊಂಡು ಏಳುವುದರೊಳಗೆ ವಿನೋದಾ ಎದ್ದು ಹೋಗಿ ಮೈಕಿನ ಮುಂದೆ ನಿಂತುಬಿಟ್ಟಳು.

“ಕಮಲಾಕರ ಅವರು ಬಂದಿಲ್ಲ” ಅಂದಳು. “ಅವರ ಬದಲು ನಾನು.”

ಕಮಲಾಕರ ಅಲ್ಲೇ, ನಾಲ್ಕು ಮಾರು ದೂರದಲ್ಲಿ, ಅರ್ಧ ಎದ್ದ ಭಂಗಿಯಲ್ಲಿದ್ದ. ಸಭೆಗೆ ಇದೂ ತಮಾಷೆಯೇ. ನಗು ಶುರುವಾಯಿತು. ಅವಳು ಇಲ್ಲದ ಕನ್ನಡಕವನ್ನು ಹಣೆಗೇರಿಸಿದಳು, ಇಲ್ಲದ ಶಾಲನ್ನು ಎಡಹೆಗಲಿಗೆ ಎಸೆದಳು, ಗಂಟಲು ಎರಡು ಸಲ ಸರಿಮಾಡಿಕೊಂಡಳು. “ಅಂದರೆ, ರಂಗಭೂಮಿ ಎಂದರೆ ಏನು?” ಎಂದು ಅವನ ಆ ನಿಧಾನದ, ಪುಸ್ತಕದ ಕನ್ನಡದಲ್ಲಿ ಕೇಳಿದಳು. ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ.

“ಅಂದರೆ, ರಂಗಭೂಮಿ ಎಂದರೆ ಹೇಳಲಾಗದ್ದನ್ನು ಹೇಳುವುದು. ನಾನು ಹನ್ನೆರಡು ವರ್ಷ ಒಂದು ಮಾತನ್ನು ಹೇಳಲಾಗದೆ ಉಳಿದೆ. ಆ ಬಾಳೆಲೆಯ ದೃಶ್ಯ ನನಗೆ ಹೊಳೆದದ್ದಲ್ಲ. ಬೆಳಗಿನ ಜಾವ ನಾನು ಎಚ್ಚರವೇ ಇರುವುದಿಲ್ಲ. ಅದನ್ನು ಮಾಡಿದವಳು ವಿನೋದಾ. ಶಾಲು ಹೊದ್ದವನು ನಾನು.”

ನಗು ಅಲ್ಲಲ್ಲಿ ಇನ್ನೂ ಉಳಿದಿತ್ತು, ನಿಧಾನಕ್ಕೆ ಆರಿತು. ಒಬ್ಬೊಬ್ಬರಾಗಿ ಎಲ್ಲರೂ ಕಮಲಾಕರನ ಕಡೆ ನೋಡತೊಡಗಿದರು. ವಿನೋದಾ ಮೈಕು ಬಿಟ್ಟು ಒಂದು ಹೆಜ್ಜೆ ಸರಿದು ನಿಂತಳು. ಬೈದರೂ ಬೈಯಲಿ, ಬಳಗದಿಂದ ಹೊರಗೆ ಹಾಕಿದರೂ ಹಾಕಲಿ ಅನ್ನಿಸಿತು.

ಕಮಲಾಕರ ಎದ್ದು ಬಂದ. ಮೈಕಿನ ಮುಂದೆ ನಿಂತು, ಅಭ್ಯಾಸಬಲದಿಂದ ಗಂಟಲು ಎರಡು ಸಲ ಸರಿಮಾಡಿಕೊಂಡ. ಯಾರೋ ಕಿಸಕ್ಕೆಂದರು. ಮೈಕಿನೆದುರು ಯಾವತ್ತೂ ಆಡದ ಮನೆಮಾತಿನಲ್ಲಿ ಅವನು ಹೇಳಿದ:

“ಒಂದು ಮಾತು ಬಿಟ್ಟು ಹೋತು. ಅವತ್ತು ಗೋದಾಮಲ್ಲಿ ಆನು ವಿನೋದಂಗೆ ಬೈದಿದ್ದೆ. ನಿನ್ನ ಕರೆದ್ದು ಬದಲಿ ಓದಲೆ, ನಾಟಕ ತಿದ್ದಲಲ್ಲ ಅಂತ. ಮರುದಿನ ಅದನ್ನೇ ಎನ್ನದು ಅಂತ ಎಲ್ಲರಿಗೂ ಹೇಳಿದೆ.”

ಅಷ್ಟೇ. ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಇಷ್ಟು ಸಲೀಸಾಗಿ ಬಾಯಿಂದ ಬರುವ ಮಾತಿಗಾಗಿ ತಾನು ಹನ್ನೆರಡು ವರ್ಷ ಹೊಟ್ಟೆ ಉರಿಸಿಕೊಂಡೆನಲ್ಲ ಎಂದು ವಿನೋದಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಮೊದಲು ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ. ಆಮೇಲೆ ಹತ್ತು. ಆಮೇಲೆ ಇಡೀ ಸಭೆ ಎದ್ದು ನಿಂತಿತು. ಮುಂದಿನ ಸಾಲಿನ ಆ ಹಿರಿಯರಂತೂ ಕೈ ಮೇಲೆತ್ತಿ ತಟ್ಟುತ್ತ, “ಇದಪ್ಪಾ ದೊಡ್ಡತನ! ಯಾರು ಒಪ್ಪಿಕೊಳ್ತಾರೆ ಈ ಕಾಲದಲ್ಲಿ!” ಎನ್ನುತ್ತಿದ್ದರು. ಪ್ರಮೋದ ಓಡಿಬಂದು ಕಮಲಾಕರನ ಕಾಲು ಮುಟ್ಟಿದ. ಫೋಟೋ ತೆಗೆಯುವವನು “ಸರ್, ಸ್ವಲ್ಪ ಈ ಕಡೆ” ಅಂದ. ಕಮಲಾಕರನ ಕಣ್ಣಲ್ಲಿ ನೀರು. ಅವನು ತಲೆ ತಗ್ಗಿಸಿ ಕೈ ಮುಗಿದ. ತಪ್ಪು ಒಪ್ಪಿಕೊಂಡ ಮನುಷ್ಯ ಎಷ್ಟು ಚೆನ್ನಾಗಿ ಕಾಣಬಹುದೋ ಅಷ್ಟು ಚೆನ್ನಾಗಿ ಕಂಡ.

ವಿನೋದಾ ನೋಡಿದಳು. ಒಂದು ಕ್ಷಣ ತಾನೂ ಚಪ್ಪಾಳೆ ತಟ್ಟಲು ಕೈ ಎತ್ತಿದ್ದಳು, ದೇವರಾಣೆ. ಎತ್ತಿದ ಕೈಯಿಂದಲೇ ಕಮಲಾಕರನನ್ನು ಪಕ್ಕಕ್ಕೆ ಸರಿಸಿ ಮೈಕು ಹಿಡಿದಳು. ಯಾರ ದನಿಯನ್ನೂ ತಂದುಕೊಳ್ಳಲಿಲ್ಲ. ಬಂದದ್ದು ಸ್ವಲ್ಪ ಒಡಕಾದ, ಅಡುಗೆಮನೆಯಲ್ಲಿ ಮಕ್ಕಳಿಗೆ ಗದರುವ ದನಿ.

“ನಿಲ್ಸಿ” ಅಂದಳು. “ಅವಂಗೆ ತಟ್ಟದು ಬೇಡ. ಆ ಚಪ್ಪಾಳೆ ಎನ್ನದು.”