ಡಬ್ಬದ ಮೇಲಿನ ಸಣ್ಣಕ್ಷರ

ಗಂಡ ಕುಡಿಯಲು ಶುರು ಮಾಡಿದ್ದಾನೆ ಎಂದೇ ಅವಳು ಮೂರು ತಿಂಗಳು ನಂಬಿದ್ದಳು. ಸಂಜೆ ಮೆಟ್ಟಿಲು ಹತ್ತುವಾಗ ಮುಗ್ಗರಿಸುತ್ತಿದ್ದ. ಹತ್ತಿರ ಬಂದರೆ ಬಟ್ಟೆಯಿಂದ ಘಾಟು ಹೊಡೆಯುತ್ತಿತ್ತು. ಊಟಕ್ಕೆ ಕೂತರೆ ಎರಡು ತುತ್ತಿಗೆ ಸಾಕೆನ್ನುತ್ತಿದ್ದ. ಕೇಳಿದರೆ, "ಅಂಟಿನ ವಾಸನೆ ಕಣೇ, ಹೊಸದಾಗಿ ನೋಡ್ತಿದ್ದೀಯಾ?" ಎಂದು ಮುಖ ತಿರುಗಿಸುತ್ತಿದ್ದ.

ಅವನು ಬೂಟು ಕಾರ್ಖಾನೆಯಲ್ಲಿ ಅಟ್ಟೆಗೆ ಅಂಟು ಬಳಿಯುವವನು. ಹನ್ನೊಂದು ವರ್ಷದಿಂದ ಕುಂಚ ಕೆಳಗಿಟ್ಟವನಲ್ಲ. ಜೊತೆಯವರಿಗೆ ಅವನ ಹೆಸರೇ ಕುಂಚ. ಹಿಂದಿನ ವರ್ಷ ಯಜಮಾನರು ಅಂಟು ಬಳಿಯುವ ಮೇಜುಗಳನ್ನೆಲ್ಲ ಮಹಡಿಯಿಂದ ನೆಲಮಾಳಿಗೆಗೆ ಇಳಿಸಿದ್ದರು. ಅಲ್ಲಿ ಕಿಟಕಿ ಇರಲಿಲ್ಲ. ಅಂಟೂ ಬೇರೆ ಬಂದಿತ್ತು, ಬೇಗ ಒಣಗುವಂಥದ್ದು.

ಒಂದು ಶನಿವಾರ ಅವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಇನ್ನೊಂದು ದಾರಿಯಲ್ಲೆಲ್ಲೋ ಕಳಚಿ ಬಿದ್ದಿತ್ತು. ಬರಿಗಾಲಿನ ಅಂಗಾಲಿಗೆ ಗಾಜಿನ ಚೂರು ಹೊಕ್ಕು, ಬಾಗಿಲಿನಿಂದ ಕುರ್ಚಿಯವರೆಗೆ ರಕ್ತದ ಹೆಜ್ಜೆ ಮೂಡಿತ್ತು. ಅವಳು ಕೂಗಿಕೊಂಡಾಗಲೇ ಅವನು ಕೆಳಗೆ ನೋಡಿದ್ದು.

"ನಂಗೆ ಗೊತ್ತೇ ಆಗ್ಲಿಲ್ಲ," ಎಂದ. ಅವನ ಮುಖದಲ್ಲಿ ಹೆದರಿಕೆ ಇತ್ತು. ಕುಡಿದವನ ಮುಖವಲ್ಲ ಅದು.

ಬೀದಿಯ ಡಾಕ್ಟರು ಗಾಜು ತೆಗೆದು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇಲ್ಲ ಎಂದರು, ಚೀಟಿಯಲ್ಲಿ ಒಂದು ಪದ ಗೀಚಿ ಶಕ್ತಿಯ ಮಾತ್ರೆ ಕೊಟ್ಟರು. ಮಾತ್ರೆಗಳು ಮುಗಿದವು. ಈಗ ಕೈಬೆರಳುಗಳೂ ಜೋಮು ಹಿಡಿಯತೊಡಗಿದವು.

ಭಾನುವಾರ ಮಧ್ಯಾಹ್ನ ಅವಳು ಮೊಬೈಲ್ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅತ್ತೆ. ಟೆಲಿಫೋನ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ, ಕೇಳಿದವರಿಗೆ ನಂಬರು ಹುಡುಕಿಕೊಡುವ ಕೆಲಸ ಮಾಡಿ ನಿವೃತ್ತಿಯಾದವರು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು.

"ಆಗಿನಿಂದ ಉಜ್ತಾನೇ ಇದ್ದೀಯಲ್ಲ, ಏನಂತ ಕೇಳ್ತಿದ್ದೀ ಅದನ್ನ?"

"ಕಾಲು ಜೋಮು ಹಿಡಿಯೋದು ಯಾಕೆ, ಏನು ಮಾಡ್ಬೇಕು ಅಂತ. ಒಬ್ರು ಎಣ್ಣೆ ಹಚ್ಚಿ ಅಂತಾರೆ, ಒಬ್ರು ಕಾಲು ಮಡಚಿ ಕೂರಬೇಡಿ ಅಂತಾರೆ. ಮಿಕ್ಕಿದ್ದೆಲ್ಲ ಬರೀ ಸಕ್ಕರೆ ಕಾಯಿಲೆ."

ಅತ್ತೆ ಮೂಗು ಮುರಿದರು. "ನಮ್ಮಲ್ಲಿಗೂ ಹಾಗೇ ಫೋನ್ ಮಾಡೋರು. 'ಅಮ್ಮಾ, ಡಾಕ್ಟರ ನಂಬರ್ ಕೊಡಿ.' ಯಾವ ಡಾಕ್ಟರು? ಊರ ತುಂಬ ಡಾಕ್ಟರು. ಪುಸ್ತಕದಲ್ಲಿ ಅಚ್ಚಾಗಿರೋದನ್ನ ಹೇಳಿದ್ರೆ ತಾನೇ ಹುಡುಕೋಕಾಗೋದು? ಹಲ್ಲಿನ ಡಾಕ್ಟರು, ಸ್ಟೇಷನ್ ರಸ್ತೆ ಅಂದ್ರೆ ಅರ್ಧ ನಿಮಿಷ. ನೀನು ನಿನ್ನ ಸಂಕಟ ಹೇಳ್ಕೊಂಡ್ರೆ ಅದಕ್ಕೇನು ಅರ್ಥ ಆಗುತ್ತೆ? ಇವನಂಥವರ ವಿಷಯ ಯಾರು ಬರೆದಿಟ್ಟಿರ್ತಾರೆ, ಯೋಚನೆ ಮಾಡು."

"ಡಾಕ್ಟರುಗಳು."

"ಅವರು ಜೋಮು ಅಂತ ಬರೀತಾರಾ?"

ಅವಳು ಎದ್ದು ಚೀಟಿ ತಂದಳು. ಗೀಚಿದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರೆ 'ನ್ಯೂರೋಪತಿ', ನರದ ಕಾಯಿಲೆ. ಅದನ್ನೇ ಹಾಕಿದಳು. ಎಣ್ಣೆ ಹೋಯಿತು, ಸಕ್ಕರೆ ಹೋಗಲಿಲ್ಲ.

"ಬೇಡ ಅನ್ನೋದನ್ನೂ ಹೇಳೋಕಾಗಲ್ವಾ?" ಎಂದರು ಅತ್ತೆ.

ಹುಡುಕುವ ಜಾಗದಲ್ಲೇ ಸಹಾಯದ ಪುಟವೊಂದಿತ್ತು. ಇಷ್ಟು ವರ್ಷ ಅವಳು ಅದನ್ನು ತೆರೆದೇ ಇರಲಿಲ್ಲ. ಬೇಡದ ಪದದ ಮುಂಚೆ ಒಂದು ಸಣ್ಣ ಅಡ್ಡಗೆರೆ, ಇದೇ ಬೇಕು ಎನ್ನುವ ಮಾತಿಗೆ ಎರಡೂ ಕಡೆ ಉದ್ಧರಣ ಚಿಹ್ನೆ. ಸಕ್ಕರೆ ಕಾಯಿಲೆಯನ್ನು ಅಡ್ಡಗೆರೆ ಹಾಕಿ ಹೊರಗಟ್ಟಿದಳು. ಆದರೂ ಪುಟಗಳಿಗೆ ಕೊನೆ ಇರಲಿಲ್ಲ.

"ಬೇರೆಯವರಿಗೆ ಇಲ್ಲದ್ದು ಇವನಿಗೇನಿದೆ?" ಅತ್ತೆ ತಮಗೆ ತಾವೇ ಎಂಬಂತೆ ಕೇಳಿದರು.

"ಅಂಟು," ಎಂದಳು ಅವಳು.

ಮರುದಿನ ಅವನು ಅಂಟಿನ ಡಬ್ಬದ ಫೋಟೋ ತೆಗೆದುಕೊಂಡು ಬಂದ. ಮುಂದುಗಡೆ ಹೊಳೆಯುವ ಬೂಟಿನ ಚಿತ್ರ. ಹಿಂದುಗಡೆ, ತಳದಲ್ಲಿ, ಇರುವೆ ಸಾಲಿನಂಥ ಅಕ್ಷರ. ಹಿಗ್ಗಿಸಿ ಓದಿದಳು: ಹೆಕ್ಸೇನ್. ಆ ಪದ, ಚೀಟಿಯ ಪದ, ಬೂಟು, ಕೆಲಸಗಾರರು. ನಾಲ್ಕನ್ನೇ ಹಾಕಿದಳು.

ಮೊದಲನೆಯ ಪುಟದಲ್ಲೇ ಸಿಕ್ಕಿತು. ಬೇರೆ ಯಾವುದೋ ಊರಿನ ಡಾಕ್ಟರುಗಳು ಬರೆದ ವರದಿ. ಅರ್ಥವಾಗದ್ದನ್ನು ದಾಟಿ ದಾಟಿ ಅವಳು ಗಟ್ಟಿಯಾಗಿ ಓದಿದಳು. ಮುಚ್ಚಿದ ಕೋಣೆಯಲ್ಲಿ ಅಂಟು ಬಳಿಯುತ್ತಿದ್ದ ಬೂಟು ಕೆಲಸಗಾರರು. ಅಂಟಿನಲ್ಲಿದ್ದ ಹೆಕ್ಸೇನಿನ ಆವಿ ಉಸಿರಿನಲ್ಲಿ ಸೇರಿ ನರ ಕೆಟ್ಟಿದೆ. ಹಸಿವಿಲ್ಲ, ತೂಕ ಇಳಿದಿದೆ. ಮೊದಲು ಪಾದ, ಆಮೇಲೆ ಕೈ. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಕಾಯಿಲೆ ಹೆಚ್ಚಾಗಬಹುದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕೆಲವರಲ್ಲಿ ಪೂರ್ತಿ ಹೋಗುವುದಿಲ್ಲ.

ಅವನು ಗೋಡೆಗೆ ಒರಗಿ ಕೇಳುತ್ತಿದ್ದ. "ನೆಲಮಾಳಿಗೆ ಮೂಲೇಲಿ ಕೂತು ಹೊಲಿಯೋ ನಮ್ಮ ಹೊಲಿಗೆ ಮಾವನೂ ಮುಗ್ಗರಿಸ್ತಾರೆ," ಎಂದ. "ಪಕ್ಕದ ಮೇಜಿನ ಅಕ್ಕ ದಿನಾ ಲೋಟ ಬೀಳಿಸ್ತಾಳೆ. ನಾವೆಲ್ಲ ನಗ್ತಿದ್ವಿ."

ಅವಳಿಗೆ ತಡೆಯಲಾಗಲಿಲ್ಲ. "ನೀವು ಕುಡೀತಿದ್ದೀರಿ ಅಂದ್ಕೊಂಡಿದ್ದೆ ನಾನು."

"ಗೊತ್ತು. ನನ್ನ ಅಂಗಿ ಮೂಸಿ ನೋಡ್ತಿದ್ದೆ."

"ಯಾಕೆ ಬಾಯಿ ಬಿಡ್ಲಿಲ್ಲ?"

"ಏನಂತ ಹೇಳ್ಲಿ? ನಂಗೂ ಏನಾಗ್ತಿದೆ ಅಂತ ಗೊತ್ತಿರ್ಲಿಲ್ಲವಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೂ ಹಾಗೇ ಅಂದ್ಕೊಂಡಿದ್ದೆ ಕಣೋ," ಎಂದರು.

ದೊಡ್ಡಾಸ್ಪತ್ರೆಯ ನರದ ಡಾಕ್ಟರಮ್ಮ ಮುದ್ರಿಸಿ ತಂದ ಹಾಳೆ ನೋಡಿ ಮೊದಲು ಹುಬ್ಬು ಗಂಟಿಕ್ಕಿದರು. ಡಬ್ಬದ ಫೋಟೋ ನೋಡಿದ ಮೇಲೆ ಕನ್ನಡಕ ತೆಗೆದಿಟ್ಟು, ನೆಲಮಾಳಿಗೆ ಎಷ್ಟು ಉದ್ದ, ಎಷ್ಟು ಜನ, ಎಷ್ಟು ಗಂಟೆ ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಪರೀಕ್ಷೆಗಳು ಅದನ್ನೇ ಹೇಳಿದವು. ಅವನು ಕೆಲಸ ಬಿಟ್ಟ. ಡಾಕ್ಟರಮ್ಮನ ಪತ್ರ ಕಾರ್ಮಿಕ ಇಲಾಖೆಗೆ ಹೋಯಿತು.

ಆಮೇಲಿನ ಎರಡು ತಿಂಗಳೇ ಎಲ್ಲಕ್ಕಿಂತ ಕಷ್ಟದ್ದು. ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕಾಯಿತು. ನೋಡಲು ಬಂದ ನೆಂಟರು, "ದುಡಿಯೋ ಮೈ ಸುಮ್ನೆ ಕೂತರೆ ಹೀಗೇ," ಎಂದು ಹೇಳಿಹೋದರು. ಅವನಿಗೂ ಅದು ತಲೆಗೆ ಹತ್ತಿತು. ವಾಪಸ್ಸು ಕಾರ್ಖಾನೆಗೆ ಹೋಗುತ್ತೇನೆಂದು ಹಟ ಹಿಡಿದ. 'ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಹೆಚ್ಚಾಗಬಹುದು, ಆಮೇಲೆ ಇಳಿಯುತ್ತದೆ' ಎಂಬ ವರದಿಯ ಸಾಲನ್ನು ಅವಳು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಮಂಚದ ಎದುರು ಅಂಟಿಸಿದಳು. ಅವಳಿಗೇ ನಂಬಿಕೆ ಕುಂದಿದಾಗ ಹೋಗಿ ಓದಿಕೊಳ್ಳುತ್ತಿದ್ದಳು. ಐದನೇ ತಿಂಗಳಲ್ಲಿ ಒಂದು ಬೆಳಗ್ಗೆ ಅವನು, "ನೆಲ ತಣ್ಣಗಿದೆ," ಎಂದ. ಅವಳು ಅಲ್ಲೇ ಕೂತು ಅತ್ತಳು.

ಇಲಾಖೆಯವರು ಬಂದು ನೋಡಿ ಹೋದ ಮೇಲೆ ಅಂಟಿನ ಮೇಜುಗಳು ಮತ್ತೆ ಮಹಡಿಗೆ ಬಂದಿವೆ, ಅಂಟೂ ಬದಲಾಗಿದೆ. ಪಕ್ಕದ ಮೇಜಿನ ಅಕ್ಕನ ಕೈ ಸುಧಾರಿಸಿತು. ಹೊಲಿಗೆ ಮಾವನ ಕಾಲಿಗೆ ಮಾತ್ರ ಶಕ್ತಿ ಬರಲಿಲ್ಲ. ಅವರು ದಿನಾ ಎಲ್ಲರಿಗಿಂತ ಹೆಚ್ಚು ಹೊತ್ತು ಆ ಗಾಳಿ ಕುಡಿದಿದ್ದರು. ಪ್ರತಿ ಭಾನುವಾರ ಕುಂಚ ಕುಂಟುತ್ತ ಅವರ ಮನೆಗೆ ಹೋಗಿ, ಸ್ನಾನ ಮಾಡಿಸಿ, ಅಂಗಿ ತೊಡಿಸುತ್ತಾನೆ. ಸಣ್ಣ ಗುಂಡಿ ಹಿಡಿಯುವಷ್ಟು ಕಸುವು ಅವನ ಬೆರಳಿಗೂ ಇನ್ನೂ ಬಂದಿಲ್ಲ. ಇಬ್ಬರೂ ಸೇರಿ ಹಾಕುತ್ತಾರೆ, ಹೊತ್ತು ಹಿಡಿಯುತ್ತದೆ.