ಗುರುತಿಲ್ಲದ ವ್ಯಕ್ತಿಯ ಗಾಡಿ

ಗಾಡಿ ನನ್ನದು, ಮಾಲೀಕತ್ವದ ಕಾರ್ಡು ಮಾತ್ರ ಅರಿಸ್ತಾರ್ಕೊ ಬೂಲಾ ಎಂಬ ಯಾರೋ ಒಬ್ಬನದು. ಲೋರಿಕಾ ಮಾರ್ಕೆಟ್ಟಿನ ಸ್ಟ್ಯಾಂಡಿನಲ್ಲಿ ಇದೇನೂ ವಿಚಿತ್ರವಲ್ಲ. ನಮ್ಮಂತೆ ಬಾಡಿಗೆಗೆ ಬೈಕ್ ಓಡಿಸುವವರಲ್ಲಿ ಅರ್ಧ ಜನ ಮುಖವನ್ನೇ ಕಾಣದವನೊಬ್ಬನ ಹೆಸರಿನ ಮೇಲೆ ಕೂತು ಊರು ಸುತ್ತುತ್ತಾರೆ. ಮೊದಲ ಮಾಲೀಕ ಮಾರುವಾಗ ವರ್ಗಾವಣೆ ಕಾಗದಕ್ಕೆ ಸಹಿ ಹಾಕಿ, ಬೆರಳೊತ್ತಿ, ಕೊಂಡವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಕೊಡುತ್ತಾನೆ. ತೆರೆದ ಕಾಗದ ಅಂತ ಅದರ ಹೆಸರು. ಆಮೇಲೆ ಗಾಡಿ ಎಷ್ಟು ಕೈ ಬದಲಾಯಿಸಿದರೂ ಕೀಲಿಕೈ ಜೊತೆ ಅದೇ ಕಾಗದ ಹೋಗುತ್ತಿರುತ್ತದೆ. ಹೆಸರು ಬದಲಿಸುವ ಖರ್ಚು ಯಾರಿಗೆ ಬೇಕು?

ನನಗೆ ಮಾರಿದ ಸೆನೆನ್ ಕೂಡ ನಮ್ಮ ಸ್ಟ್ಯಾಂಡಿನವನೇ. ಕಾಗದ ಕೈಗಿಡುತ್ತಾ ಅವನು ಹೇಳಿದ್ದು ಇಷ್ಟು: "ಪ್ಲಾಸ್ಟಿಕ್ ಕವರ್‌ಗೆ ಹಾಕಿ ನಿಮ್ಮಮ್ಮನ ಸಂತರ ಫೋಟೋ ಹಿಂದೆ ಇಡು ಲೇಬಿಸ್. ಮಾರೋ ದಿನ ತೆಗೆದ್ರಾಯ್ತು."

ಆದರೆ ನಾನು ಕೊಂಡಿದ್ದು ಸಹಕಾರ ಸಂಘದ ಸಾಲದಲ್ಲಿ. ಸಂಘದ ಮಾಬೆಲ್ ಮೇಡಂ ಆವತ್ತೇ ಕನ್ನಡಕ ಕೆಳಗಿಳಿಸಿ ಹೇಳಿದ್ದರು: "ಕಾರ್ಡು ನಿನ್ನ ಹೆಸರಿಗಾಗಿ, ಅದರ ಮೇಲೆ ನಮ್ಮ ಸಾಲ ಬರೆಸ್ಬೇಕು. ಜೂನ್ ಮುಗಿಯೋದ್ರೊಳಗೆ. ಇಲ್ದಿದ್ರೆ ಗಾಡಿ ನಮ್ಮ ಶೆಡ್ಡಿಗೆ. ಕೇಳಿಸ್ತಾ?"

ಕೇಳಿಸಿತ್ತು. ಆದರೆ ಗಾಡಿ ಕೈಗೆ ಬಂದ ಮೇಲೆ ಬೇರೇನು ಕೇಳಿಸುತ್ತದೆ ಹೇಳಿ! ಹೆಂಗಸೊಬ್ಬಳು ಓಡಿಸುತ್ತಾಳೆ ಅಂತ ಗೊತ್ತಾದದ್ದೇ ತಡ, ಮೀನಿನ ಬೋಗುಣಿ ಹೊತ್ತ ಅಕ್ಕಂದಿರು, ಬಸುರಿಯರು, ಮಗಳನ್ನು ಶಾಲೆಗೆ ಕಳಿಸುವ ತಾಯಂದಿರು ಎಲ್ಲರೂ ನನ್ನನ್ನೇ ಕೇಳಿಕೊಂಡು ಬಂದರು. ಕಂತು ಒಂದೂ ತಪ್ಪಲಿಲ್ಲ. ಅಮ್ಮನ ಅಡುಗೆಮನೆಗೆ ಹೊಸ ತಗಡು ಬಂತು. ಕಾಗದ ಸಂತರ ಫೋಟೋ ಹಿಂದೆ ಬೆಚ್ಚಗೆ ಕೂತಿತ್ತು, ನಾನೂ ಹಾಗೇ ಇದ್ದೆ.

ಜೂನ್ ಅರ್ಧ ಕಳೆದ ಮೇಲೆ ಸಾರಿಗೆ ಕಚೇರಿಗೆ ಹೋದೆ. ಕಂಪ್ಯೂಟರ್ ಕೆಟ್ಟಿತ್ತು. ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಹಳೇ ಸಹಿ ಇದು. ನಡೆಯಲ್ಲ. ಬೆರಳು ಒತ್ತಿದೋರನ್ನೇ ಕರ್ಕೊಂಡು ಬಾ."

ಸ್ಟ್ಯಾಂಡಿಗೆ ಬಂದು ಸೆನೆನ್‌ನನ್ನು ಹಿಡಿದೆ. "ಅರಿಸ್ತಾರ್ಕೊ ಎಲ್ಲಿ?"

"ನಾನೆಲ್ಲಿ ನೋಡಿದೀನಿ? ನನಗೆ ಮಾರ್ದೋನೂ ನೋಡಿಲ್ಲ. ಅವನು ಪನಾಮಾ ಕಡೆ ಹೋದ, ಫೋನೂ ಎತ್ತಲ್ಲ."

ಪಕ್ಕದಲ್ಲಿದ್ದವನೊಬ್ಬ ಹಲ್ಲು ಕಿರಿದ. "ಸತ್ತಿದ್ರೆ ಇನ್ನೂ ಒಳ್ಳೇದು ಕಣೇ. ಗಾಡಿ ಸ್ವರ್ಗದ್ದು ಅಂತ ಹೇಳು, ಟ್ಯಾಕ್ಸ್ ಇರಲ್ಲ!"

ಎಲ್ಲರೂ ನಕ್ಕರು. ನಾನು ಕಾಗದ ಮಡಚಿ ಜೇಬಿಗಿಟ್ಟುಕೊಂಡೆ.

ಕೊನೆಗೆ ಸುಳಿವು ಕೊಟ್ಟದ್ದು ದಿನಾ ನನ್ನ ಹಿಂದೆ ಕೂರುವ ಮೀನಿನಕ್ಕ. "ಬೂಲಾನಾ? ಬಲೆ ಹೆಣೆಯೋ ಅರಿಸ್ತಾರ್ಕೊ? ಹೊಳೆ ಆಚೆ ಕಾನ್ಯೊ ವಿಯೆಹೊ ಊರಲ್ಲಿದಾನಲ್ಲ. ನನ್ನ ಬಲೆ ಎಲ್ಲಾ ಅವನದ್ದೇ!" ಇಷ್ಟು ದಿನ ಅವನ ಬಲೆಯ ಮೀನನ್ನು ಅವನದೇ ಗಾಡಿಯಲ್ಲಿ ಹೊತ್ತಿದ್ದೆ ನಾನು.

ಸಿನೂ ಹೊಳೆಯನ್ನು ಹಗ್ಗದ ತೆಪ್ಪದಲ್ಲಿ ದಾಟಿ ಕೆಸರು ದಾರಿ ಹಿಡಿದೆ. ಮಾವಿನ ಮರದ ಕೆಳಗೆ ಬಲೆ ಹಿಡಿದು ಕೂತಿದ್ದ ಮುದುಕ ನಾನು ತಿರುವಿನಲ್ಲಿರುವಾಗಲೇ ಎದ್ದು ನಿಂತಿದ್ದ. ಸದ್ದಿನಿಂದಲೇ ಗುರುತು ಹಿಡಿದಿದ್ದ! ನಾನು ಇಳಿಯುವ ಮೊದಲೇ ಬಂದು ಗಾಡಿಯ ಕೆಂಪು ಟ್ಯಾಂಕಿನ ಮೇಲೆ ಕೈಯಿಟ್ಟ.

"ತೂಲಿಯಾ! ಬಾರೇ ಹೊರಗೆ! ಕೆಂಪಿ ಬಂದ್ಲು!"

ಅವನ ಹೆಂಡತಿ ಸೌಟು ಹಿಡಿದೇ ಬಂದಳು. ನನ್ನನ್ನು ನೋಡಲಿಲ್ಲ, ಗಾಡಿಯನ್ನೇ ದುರುಗುಟ್ಟಿದಳು. "ಇದಾ? ಇದರ ಮುಖಕ್ಕೆ ಬೆಂಕಿ ಹಾಕ!"

"ನಾನೇನ್ ಮಾಡ್ದೆ ತೂಲಿಯಮ್ಮ?" ಅಂದೆ.

"ನೀನಲ್ಲಮ್ಮ. ಈ ನನ್ನ ಗಂಡ! ಮನೆ ಬಿಟ್ಟು ಕದಲದೋನು, ಮೊಂಟೆರಿಯಾದಲ್ಲಿ ಹೆಲ್ಮೆಟ್ ಇಲ್ದೆ ಓಡಿದಾನಂತೆ. ಸಿನ್ಸೆಲೆಹೊದಲ್ಲಿ ಕೆಂಪು ದೀಪ ದಾಟಿದಾನಂತೆ. ಒಂದ್ಸಲ ದಂಡದ ಚೀಟಿ ಜೊತೆ ಫೋಟೋನೇ ಬಂತು, ಹಿಂದೆ ಒಬ್ಬಳು ಹೆಂಗಸು, ಸೊಂಟ ತಬ್ಕೊಂಡು!"

"ನಾನು ಸಿನ್ಸೆಲೆಹೊ ಕಣ್ಣಲ್ಲಿ ನೋಡಿಲ್ಲ ತಾಯಿ," ಅಂದ ಮುದುಕ ನನಗೆ. "ಗಾಡಿ ಮಾರಿ ಬೆರಳೊತ್ತಿ ಕೊಟ್ಟೆ. ಅಲ್ಲಿಂದಾಚೆ ಯಾರ್ಯಾರೋ ಮಾಡಿದ ತಪ್ಪೆಲ್ಲ ನನ್ನ ಮನೆ ಬಾಗಿಲಿಗೆ ಬಂತು. ದೋಣಿ ಮೋಟಾರಿಗೆ ಸಾಲ ಕೇಳಕ್ಕೋದ್ರೆ, ಮೊದ್ಲು ದಂಡ ಕಟ್ಟಿ ಬಾ ಅಂದ್ರು."

ಇಷ್ಟು ದಿನ ನನಗೆ ಅವನು ಬರೀ ಒಂದು ಹೆಸರು. ಈಗ ನನ್ನೆದುರು ಹರಕು ಚಪ್ಪಲಿ ಹಾಕಿಕೊಂಡು ನಿಂತಿದ್ದ. ಮೊಂಟೆರಿಯಾದ ದಂಡ ನನ್ನದಲ್ಲ, ಆದರೂ ತಲೆ ಎತ್ತಲಾಗಲಿಲ್ಲ. ಹೇಗೋ ಬಾಯಿ ಬಿಟ್ಟೆ: ಕಚೇರಿಗೆ ಬಂದು ಇನ್ನೊಂದು ಸಹಿ ಹಾಕಿಕೊಡಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಗಾಡಿ ಹೋಗುತ್ತದೆ.

ಅರಿಸ್ತಾರ್ಕೊ ಟ್ಯಾಂಕಿನಿಂದ ಕೈ ತೆಗೆದ.

"ಈಗ ಬಂದ್ಯಲ್ಲ ತಾಯಿ. ಈಸ್ಟರಿನ ಪವಿತ್ರ ವಾರಕ್ಕೆ ಮುಂಚೆ ಬಂದಿದ್ರೆ ಆಗ್ತಿತ್ತು. ಬೇಸತ್ತು ಹೋಗಿ ಸರ್ಕಾರಕ್ಕೆ ಬರೆದುಕೊಟ್ಟೆ. ಮಾರಿ ವರ್ಷಗಟ್ಟಲೆ ಆಯ್ತು, ಯಾರ ಹತ್ರ ಇದೆಯೋ ಗೊತ್ತಿಲ್ಲ, ನನ್ನ ಹೆಸರು ತೆಗೀರಿ ಅಂತ. ತೆಗೆದ್ರು."

"ತೆಗೆದು ಯಾರ ಹೆಸರಿಗೆ ಹಾಕಿದ್ರು?"

"ಯಾರ ಹೆಸರಿಗೂ ಇಲ್ಲ. ಗುರುತಿಲ್ಲದ ವ್ಯಕ್ತಿ ಅಂತ ಬರೀತಾರಂತೆ."

"ಅಯ್ಯೋ, ಗುರುತಿಲ್ಲದ ವ್ಯಕ್ತಿ ಅಂದ್ರೆ ನಾನೇ!"

ತೂಲಿಯಾ ಒಳಗೆ ಹೋಗಿ ಬೇಯಿಸಿದ ಯೂಕಾ ಗೆಣಸಿನ ಮೇಲೆ ಹುಳಿ ಕೆನೆ ಸುರಿದು ತಂದು ಕೈಗಿಟ್ಟಳು. "ತಿನ್ನು. ಗುರುತಿಲ್ಲದೋರಿಗೂ ಹಸಿವಾಗುತ್ತೆ."

ನಾನು ತಿನ್ನುವಷ್ಟರಲ್ಲಿ ಅರಿಸ್ತಾರ್ಕೊ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತಿದ್ದ. "ನಡಿ. ಗೊತ್ತಿಲ್ಲ ಅಂತ ಬರೆದುಕೊಟ್ಟೋನು ನಾನು. ಈಗ ಗೊತ್ತಾಯ್ತು ಅಂತ ಹೇಳೋನೂ ನಾನೇ."

"ಹಿಂದೆ ಕೂತ್ಕೊಂಡು ಅವಳ ಸೊಂಟ ಹಿಡ್ಕೋಬೇಡ," ಎಂದು ಹೆಂಡತಿ ಕೂಗಿದಳು. "ಮತ್ತೆ ಫೋಟೋ ಬಂದೀತು!"

ದಾರಿಯಲ್ಲಿ ಸೆನೆನ್‌ನ ಕತೆ, ಅವನಿಗೆ ಮಾರಿ ಪನಾಮಾಕ್ಕೆ ಹೋದವನ ಕತೆ ಹೇಳಿದೆ. ತೆಪ್ಪದ ಮೇಲೆ ಅರಿಸ್ತಾರ್ಕೊ ಗಾಡಿಯತ್ತ ಬಗ್ಗಿ ನೋಡಿ, "ಕ್ಲಚ್ ಕೇಬಲ್ ಬದಲಾಯಿಸಿದ್ಯಾ? ಒಳ್ಳೇದು," ಅಂದ.

ಕಚೇರಿಯಲ್ಲಿ ಈ ಸಲ ಕಂಪ್ಯೂಟರ್ ಸರಿಯಿತ್ತು. ಗುಮಾಸ್ತ ನಂಬರ್ ಒತ್ತಿ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಮಾಲೀಕರು ಅನ್ನುವ ಕಡೆ ಅದೇ ಇತ್ತು: ಗುರುತಿಲ್ಲದ ವ್ಯಕ್ತಿ.

"ಗುರುತು ನಾನು ಹೇಳ್ತೀನಿ ಬರ್ಕೊ," ಅಂದ ಅರಿಸ್ತಾರ್ಕೊ. "ಇವಳೇ ಅವಳು."

"ನೀವ್ಯಾರು ತಾತ?"

"ಅರಿಸ್ತಾರ್ಕೊ ಬೂಲಾ. ಗಾಡಿ ಮಾಲೀಕ."

"ಈಗ ಅಲ್ವಲ್ಲ. ನೀವೇ ಹೆಸರು ಬಿಡಿಸ್ಕೊಂಡಿದೀರಿ."

ಗುಮಾಸ್ತ ಕೆಟ್ಟವನೇನಲ್ಲ, ನಿಧಾನವಾಗಿ ಹೇಳಿದ. ಗಾಡಿ ಯಾರಿಂದ ಯಾರಿಗೆ ಹೋಯಿತೋ ಆ ಪ್ರತಿಯೊಂದು ಮಾರಾಟಕ್ಕೂ ಕಾಗದ ಬೇಕು. ಒಂದು ಕೊಂಡಿ ಇಲ್ಲದಿದ್ದರೂ ಗಾಡಿ ಯಾರದೆಂದು ನ್ಯಾಯಾಧೀಶರೇ ಹೇಳಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ.

"ನಾನು ಮಾರಿದ್ದು ನನ್ನ ಕಾಂಪಾದ್ರೆಗೆ, ಅವನ ಮಗನ ಜ್ಞಾನಸ್ನಾನಕ್ಕೆ ಧರ್ಮತಂದೆ ಆದೋನು ನಾನು," ಅಂದ ಅರಿಸ್ತಾರ್ಕೊ ಮೆಟ್ಟಿಲಿಳಿಯುತ್ತಾ. "ಅವನ ಸಹಿ ಭಾನುವಾರವೇ ತರ್ತೀನಿ. ಆದ್ರೆ ಆ ಪನಾಮಾದೋನು?"

ನಾನು ಗಾಡಿಯ ಕಿಕ್ಕರ್ ಒತ್ತಿದೆ.

ಜೂನ್ ಕೊನೆಯ ದಿನ ಕಾಂಪಾದ್ರೆಯ ಸಹಿ ಹಿಡಿದು ಅರಿಸ್ತಾರ್ಕೊ ನನ್ನ ಜೊತೆ ಸಂಘಕ್ಕೆ ಬಂದ. ಮಾಬೆಲ್ ಮೇಡಂ ಎಲ್ಲವನ್ನೂ ಓದಿದರು. ಅವನ ಮಾತನ್ನೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಒಂದು ಕಂತೂ ತಪ್ಪಿಸಿಲ್ಲ ನೀನು, ಗೊತ್ತು ಕಣಮ್ಮ. ಆದ್ರೆ ಯಾರದ್ದೂ ಅಲ್ಲದ ಗಾಡಿ ಮೇಲೆ ಸಾಲ ಕೊಟ್ಟಂಗಾಯ್ತಲ್ಲ. ಮೇಲಿನೋರು ನನ್ನ ಕೇಳ್ತಾರೆ. ಕಾರ್ಡು ಬರೋವರೆಗೂ ಶೆಡ್ಡಲ್ಲಿರಲಿ."

"ಗಾಡಿ ಇಲ್ದೆ ಕಂತು ಹೆಂಗೆ ಕಟ್ಲಿ ಮೇಡಂ?"

ಅವರು ನನ್ನ ಮುಖ ನೋಡಲಿಲ್ಲ. ರಸೀದಿ ಪುಸ್ತಕ ಎಳೆದುಕೊಂಡು ಬರೆಯತೊಡಗಿದರು. ವಶಕ್ಕೆ ಪಡೆದ ವಸ್ತು: ಬೈಕ್, ಕೆಂಪು. ಮಾಲೀಕರು: ಲೇಬಿಸ್ ದೆಲ್ ಕಾರ್ಮೆನ್ ಪಾಚೆಕೊ.

"ಇಲ್ಲಿ ಸಹಿ. ಇಲ್ಲಿ ಬೆರಳು."

ಒತ್ತಿದೆ. ಕೀಲಿಕೈ ಮೇಜಿನ ಮೇಲಿಟ್ಟೆ.

ಹೊರಗೆ ಸೆನೆನ್ ತನ್ನ ಗಾಡಿಯ ಮೇಲೆ ಕಾಯುತ್ತಿದ್ದ. ಸುದ್ದಿ ಅಷ್ಟರಲ್ಲೇ ಸ್ಟ್ಯಾಂಡ್ ಮುಟ್ಟಿತ್ತು. ಅವನ ಮುಖದಲ್ಲಿ ನಗು ಇರಲಿಲ್ಲ.

"ಹತ್ತೇ, ಮನೆಗೆ ಬಿಡ್ತೀನಿ. ಬಾಡಿಗೆ ಬೇಡ."

"ನಿನ್ನ ಗಾಡಿ ಯಾರ ಹೆಸರಲ್ಲಿದೆ ಸೆನೆನ್?"

"ಅದ್ಯಾರೋ... ಬ್ರಾಉಲಿಯೊ ಅಂತೇನೋ."

"ಇದಾನಾ?"

ಅವನ ಕಾಲು ಕಿಕ್ಕರ್ ಮೇಲಿತ್ತು, ಒತ್ತಲಿಲ್ಲ. ನಾನು ಅರಿಸ್ತಾರ್ಕೊನನ್ನು ತೆಪ್ಪದವರೆಗೆ ಕಳಿಸಿಬರಲು ಹೊರಟೆ. ಮಾರ್ಕೆಟ್ ಮೂಲೆಯಲ್ಲಿ ಮೀನಿನಕ್ಕ ತುಂಬಿದ ಬೋಗುಣಿ ಪಕ್ಕಕ್ಕಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ನನ್ನನ್ನು ಕಂಡು ಕೈ ಎತ್ತಿದಳು. ಆಮೇಲೆ ನಾನು ನಡೆದು ಬರುತ್ತಿರುವುದು ಅವಳ ಕಣ್ಣಿಗೆ ಬಿತ್ತು.