ಗಾಳಿರಾಯ ಮೆಟ್ಟಿಲು ಹತ್ತಿದ್ದು

ನನ್ನ ಗಂಡ ಹಾರುತ್ತಾರೆ. ಊರಿನವರೆಲ್ಲ ಅವರಿಗೆ ಗಾಳಿರಾಯ ಎಂದು ಹೆಸರಿಟ್ಟು ತಲೆ ಮೇಲೆ ಹೊತ್ತುಕೊಂಡಿದ್ದಾರೆ. ಹಾರುವಾಗ ಅವರು ತೊಡುವ ಕೆಂಪು ಮೇಲಂಗಿಯನ್ನು ಒಗೆದು ಇಸ್ತ್ರಿ ಮಾಡುವವಳು ಮಾತ್ರ ನಾನು, ನನ್ನ ಹೆಸರು ಯಾರಿಗೂ ಬೇಕಿಲ್ಲ. ಇರಲಿ. ನಿಜ ಹೇಳಬೇಕೆಂದರೆ ಹೋದ ವರ್ಷದಿಂದ ಅವರು ಹಾರುತ್ತಿಲ್ಲ. ಒಂದು ಮಹಡಿಯೆತ್ತರ ಏರಿದರೆ ಸಾಕು, ತಲೆ ಸುತ್ತುತ್ತದೆ, ಗೋಡೆ ಹಿಡಿದುಕೊಂಡು ಇಳಿದುಬಿಡುತ್ತಾರೆ. ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಊರಿಗೆ ಗೊತ್ತಾದರೆ ನಗುತ್ತಾರೆ ಎಂಬ ಚಿಂತೆಯಲ್ಲಿ ಮನುಷ್ಯ ಅರ್ಧ ಇಳಿದುಹೋಗಿದ್ದರು.

ಅದಕ್ಕೇ ನನ್ನ ತಮ್ಮನನ್ನು ಅವರ ಜೊತೆ ಹಚ್ಚಿದೆ. ಅವನೂ ಹಾರುತ್ತಾನೆ, ಹಾರಾಟಕ್ಕಿಂತ ಹಾರಾಡುವುದೇ ಜಾಸ್ತಿ. ತನಗೆ ತಾನೇ ಮಿಂಚು ಎಂದು ಹೆಸರಿಟ್ಟುಕೊಂಡು, ತನ್ನದೇ ಮುಖದ ಸ್ಟಿಕ್ಕರ್ ಮಾಡಿಸಿ ಹಂಚುತ್ತಾನೆ. ಹುಡುಗ ಕೆಲಸ ಕಲಿಯಲಿ ಎಂದು ಗಂಡನಿಗೆ ಹೇಳಿದೆ. ಭಾವನನ್ನು ಕೊಂಚ ನೋಡಿಕೋ ಎಂದು ತಮ್ಮನಿಗೆ ಹೇಳಿದೆ.

ಮೊದಲ ದಿನವೇ ಅವನು, "ಭಾವ, ನೀವು ಕೆಳಗೆ ನಿಂತು ಜನಕ್ಕೆ ಕೈ ಬೀಸ್ತಾ ಇರಿ. ಮಿಕ್ಕಿದ್ದು ನನಗೆ ಬಿಡಿ" ಎಂದ. ಇವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಕೆಲಸ ಮಾಡುವುದು ಒಂಬತ್ತನೇ ಮಹಡಿಯ ಒಂದು ವಿಮಾ ಕಚೇರಿಯಲ್ಲಿ. ಒಂದು ಬೆಳಿಗ್ಗೆ, ಹೊರಗಿನಿಂದ ಕಿಟಕಿ ಒರೆಸುತ್ತಿದ್ದವನ ತೂಗು ಅಟ್ಟಣಿಗೆಯ ಒಂದು ಹಗ್ಗ ಕಿತ್ತುಬಂತು. ಅಟ್ಟಣಿಗೆ ಓರೆಯಾಗಿ ಜೋತುಬಿತ್ತು. ಅವನು ಉಳಿದ ಹಗ್ಗವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ. ನಾನು ಕಿಟಕಿ ತೆರೆದು ಎಷ್ಟು ಕೈ ಚಾಚಿದರೂ ಎಟುಕಲಿಲ್ಲ. ಮನೆಗೆ ಫೋನ್ ಮಾಡಿದೆ.

ಮೊದಲು ಬಂದವನು ತಮ್ಮ. ಬಂದ ರಭಸಕ್ಕೆ ಅಟ್ಟಣಿಗೆ ಮತ್ತಷ್ಟು ತೂಗಾಡಿತು.

"ಕೈ ಬಿಡಿ, ನಾನು ಹಿಡ್ಕೋತೀನಿ" ಎಂದ.

ಆ ಎತ್ತರದಲ್ಲಿ ಕೈ ಬಿಡಿ ಅಂದರೆ ಯಾರು ಬಿಡುತ್ತಾರೆ? ಕಿಟಕಿಯವನು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ತಮ್ಮ ಅವನ ಸೊಂಟಕ್ಕೆ ಕೈ ಹಾಕಿ ಎಳೆದ. ಕಿಟಕಿಯವನು ಕಣ್ಣು ಮುಚ್ಚಿಕೊಂಡೇ ಅವನ ಮೂಗಿಗೆ ಸರಿಯಾಗಿ ಒದ್ದ. ಈ ಎಳೆದಾಟದಲ್ಲಿ ಉಳಿದ ಹಗ್ಗದ ಎಳೆಗಳೂ ಬಿಚ್ಚತೊಡಗಿದವು.

ಅಷ್ಟರಲ್ಲಿ ನನ್ನ ಗಂಡ ಬಸ್ಸಿಳಿದು ಬಂದರು. ಗಾಳಿರಾಯ ಬಂದ, ಈಗ ನೋಡಿ ಎಂದು ಕೆಳಗೆ ಸೇರಿದ್ದ ಜನ ದಾರಿ ಬಿಟ್ಟರು. ಇವರು ಮೇಲೆ ನೋಡಿದರು. ಆಮೇಲೆ ಮೇಲಂಗಿಯನ್ನು ಮುದುಡಿ ಕಂಕುಳಲ್ಲಿಟ್ಟುಕೊಂಡು, ಬಾಗಿಲೊಳಗೆ ನಡೆದು, ಮೆಟ್ಟಿಲ ಕಡೆ ತಿರುಗಿದರು. ಲಿಫ್ಟ್ ಕೆಟ್ಟು ವಾರವಾಗಿತ್ತು. ಕೆಳಗೆ ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ. ಆ ನಗು ನನ್ನ ಕಿಟಕಿಯವರೆಗೂ ಕೇಳಿಸಿತು.

ಒಂಬತ್ತು ಮಹಡಿ ಹತ್ತಿ ಬಂದವರು ನನ್ನ ಕುರ್ಚಿಯಲ್ಲಿ ಕುಸಿದು, ಕೆಳಗೆ ನೋಡದೆ ಕಿಟಕಿಯಾಚೆ ತಲೆ ಹಾಕಿದರು. ಏನೋ ಹೇಳಲು ಬಾಯಿ ತೆರೆದರು. ಬರೀ ಏದುಸಿರು ಬಂತು.

ಕಿಟಕಿಯವನು ಒಂದು ಕಣ್ಣು ತೆರೆದ. "ಏನ್ರೀ ಆಯ್ತು ನಿಮಗೆ?"

"ಮೆಟ್ಲು" ಎಂದರು ಇವರು.

"ಹಾರ್ಕೊಂಡು ಬರಬಾರದಿತ್ತಾ?"

"ಹಾರಕ್ಕಾಗಲ್ಲಪ್ಪ. ವರ್ಷ ಆಯ್ತು. ಎತ್ತರ ಅಂದ್ರೆ ತಲೆ ಸುತ್ತುತ್ತೆ."

ಮೂಗು ಹಿಡಿದುಕೊಂಡು ತೇಲುತ್ತಿದ್ದ ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ.

"ನನಗೂ ಅದೇ ಆಗ್ತಿದೆ" ಎಂದ ಕಿಟಕಿಯವನು. ಎರಡನೇ ಕಣ್ಣೂ ತೆರೆಯಿತು. "ಅಮ್ಮಾ, ಮೊದಲು ಅವರಿಗೆ ನೀರು ಕೊಡಿ. ಹೋಗಿಬಿಟ್ಟಾರು."

ಕೊಟ್ಟೆ. ಇವರು ಕುಡಿಯುವುದನ್ನು ಅವನು ಗುಟುಕು ಗುಟುಕಿಗೂ ನೋಡಿದ. ಹಗ್ಗ ಹಿಡಿದ ಬೆರಳುಗಳು ಸಡಿಲವಾದವು.

"ಅಟ್ಟಣಿಗೆ ಕೆಳಗೆ ಹೋಗಿ ಹೆಗಲು ಕೊಡಯ್ಯ" ಎಂದು ಇವರು ತಮ್ಮನಿಗೆ ಹೇಳಿದರು. "ಅಲ್ಲಾಡಬೇಡ."

"ಎಷ್ಟು ಹೊತ್ತು ಭಾವ?"

"ಅವರು ಮನಸ್ಸು ಮಾಡೋವರೆಗೆ."

ಕ್ಷೌರಕ್ಕೆ ಕೂರಿಸಿದರೂ ನೆಟ್ಟಗೆ ಕೂರದ ಹುಡುಗ ನನ್ನ ತಮ್ಮ. ಅವತ್ತು ಹೆಗಲು ಕೊಟ್ಟು ಗಾಳಿಯಲ್ಲಿ ಕದಲದೆ ನಿಂತ. ಬೆವರು ಇಳಿಯಿತು, ಮೂಗಿನಿಂದ ರಕ್ತ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮೇಲೆ ಇವರಿಬ್ಬರೂ ಸಾವಕಾಶವಾಗಿ ಮಂಡಿ ನೋವಿನ ಮಾತಾಡಿದರು. ಮಾತಿನ ನಡುವೆ ಇವರು ಕೈ ಚಾಚಿದರು, ಅವನು ಹಗ್ಗ ಬಿಟ್ಟು ಆ ಕೈ ಹಿಡಿದ. ನಾನೂ ಸೇರಿ ಒಳಗೆಳೆದುಕೊಂಡೆವು. ತಮ್ಮ ಅಟ್ಟಣಿಗೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ.

ನಾವು ಮೆಟ್ಟಿಲಿಳಿದು ಹೊರಗೆ ಬಂದಾಗ ಜನ ಫೋನ್ ಹಿಡಿದು ಕಾಯುತ್ತಿದ್ದರು.

"ಏನಪ್ಪಾ ಮಿಂಚು" ಎಂದ ಒಬ್ಬ ಹಲ್ಲು ಕಿರಿಯುತ್ತ, "ನಿಮ್ಮ ಭಾವ ಯಾಕೆ ಹಾರಲಿಲ್ಲ?"

ನನ್ನ ತಮ್ಮನ ಬಾಯಿಗೆ ಬೀಗವಿಲ್ಲ. ಮುಗಿಯಿತು ಎಂದುಕೊಂಡೆ. ಗಂಡ ತಲೆ ತಗ್ಗಿಸಿದರು.

"ಹಾರಿದೋನು ನಾನು" ಎಂದ ತಮ್ಮ. "ಹಾರಿ ಹೋಗಿ ಒದೆ ತಿಂದೆ. ಆ ಮನುಷ್ಯನ್ನ ಇನ್ನೇನು ಬೀಳಿಸ್ತಿದ್ದೆ. ಭಾವ ನಡ್ಕೊಂಡು ಹೋಗಿ ಕರ್ಕೊಂಡು ಬಂದ್ರು. ನಗೋದಾದ್ರೆ ನನ್ನ ಮೂಗು ನೋಡಿ ನಗಿ."

ಜನ ನಕ್ಕರು. ಅವನು ಮುಖ ತಿರುಗಿಸದೆ, ಆ ಊದಿದ ಮೂಗನ್ನು ಎಲ್ಲರ ಫೋನಿಗೂ ತೋರಿಸುತ್ತ ನಿಂತ. ಗಂಡ ತಲೆಯೆತ್ತಿ ಅವನನ್ನು ನೋಡಿದರು. ನಾನು ಅಲ್ಲೇ ಅತ್ತುಬಿಟ್ಟೆ.